ಜ್ವಾಲಾಮುಖಿಯ ಅಂಚಿನಲ್ಲಿ ಜಾಗರಣೆ

ಭೂವಿಜ್ಞಾನ ಓದುತ್ತಿದ್ದೇನೆ ಎಂದರೆ ನಮ್ಮೂರಲ್ಲಿ ಎಲ್ಲರೂ ಕೇಳುವುದು ಒಂದೇ, ಬೋರ್‌ವೆಲ್‌ಗೆ ಪಾಯಿಂಟ್ ಮಾಡಿಕೊಡುತ್ತೀಯಾ ಅಂತ. ತಪ್ಪೇನಿಲ್ಲ, ಅದೂ ನಮ್ಮ ವಿದ್ಯೆಯೇ. ಆದರೆ ನೆಲದೊಳಗಿನ ಸಣ್ಣ ನಡುಕವನ್ನು ಗಮನಿಸಿ ಜನರ ಪ್ರಾಣ ಉಳಿಸಬಹುದು ಎಂದು ನನಗೆ ಮನವರಿಕೆ ಮಾಡಿಸಿದ್ದು ಥಾಮಸ್ ಜಾಗರ್ ಎಂಬ ಅಮೆರಿಕದ ವಿಜ್ಞಾನಿಯ ಬದುಕು.

1871ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಜಾಗರ್ ಬಿಷಪ್ ಒಬ್ಬರ ಮಗ. ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಅಲ್ಲೇ ಪಾಠ ಮಾಡುತ್ತಿದ್ದರು. 1902ರ ಮೇ 8ರಂದು ಕೆರಿಬಿಯನ್ ದ್ವೀಪವಾದ ಮಾರ್ಟಿನಿಕ್‌ನಲ್ಲಿ ಪೆಲೆ ಪರ್ವತ ಸ್ಫೋಟಿಸಿತು. ಸೇಂಟ್ ಪಿಯರ್ ಪಟ್ಟಣದ ಸುಮಾರು 28 ಸಾವಿರ ಜನ ಕೆಲವೇ ನಿಮಿಷಗಳಲ್ಲಿ ಸತ್ತರು. ಪರಿಹಾರ ಸಾಮಗ್ರಿ ಹೊತ್ತ ಹಡಗಿನಲ್ಲಿ ಅಲ್ಲಿಗೆ ಹೋದ ವಿಜ್ಞಾನಿಗಳಲ್ಲಿ ಜಾಗರ್ ಒಬ್ಬರು. ಬೆಟ್ಟ ವಾರಗಟ್ಟಲೆ ಬೂದಿ ಉಗುಳಿ ಎಚ್ಚರಿಸಿತ್ತು. ಆ ಎಚ್ಚರಿಕೆಯನ್ನು ಓದಬಲ್ಲವರು ಅಲ್ಲಿರಲಿಲ್ಲ. ಅನಾಹುತವಾದ ಮೇಲೆ ಹೋಗಿ ಬೂದಿ ಅಳೆದರೆ ಏನು ಬಂತು? ಬೆಟ್ಟದ ಪಕ್ಕದಲ್ಲೇ ಇದ್ದು ದಿನವೂ ಗಮನಿಸಬೇಕು. ಈ ಯೋಚನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1909ರಲ್ಲಿ ಜಪಾನಿಗೆ ಹೋಗಿ ಭೂಕಂಪ ವಿಜ್ಞಾನಿ ಒಮೊರಿ ಅವರನ್ನು ಕಂಡರು. 1912ರಲ್ಲಿ ಹವಾಯಿಯ ಕಿಲವೇಯ ಜ್ವಾಲಾಮುಖಿಯ ಅಂಚಿನಲ್ಲೇ ವೀಕ್ಷಣಾಲಯ ಕಟ್ಟಿದರು. ಹಣ ಕೊಟ್ಟವರಲ್ಲಿ ಹಿಲೋ ಪಟ್ಟಣದ ವ್ಯಾಪಾರಿಗಳೂ ಇದ್ದರು. ಭೂಕಂಪಮಾಪಕಗಳಿಗಾಗಿ ನೆಲಮಾಳಿಗೆ ತೋಡಿದವರು ಜೈಲಿನ ಕೈದಿಗಳು! ಅಲ್ಲಿಂದ ಶುರುವಾಯಿತು, ಹೆಸರಿಗೆ ತಕ್ಕ ಜಾಗರಣೆ.

ಶಿಲಾಪಾಕ ಮೇಲೇರುವಾಗ ಸುತ್ತಲಿನ ಬಂಡೆ ಬಿರಿಯುತ್ತದೆ. ಆಗ ನಮ್ಮ ಕಾಲಿಗೆ ತಿಳಿಯದಷ್ಟು ಸಣ್ಣ ಕಂಪನಗಳು ಹುಟ್ಟುತ್ತವೆ. ಉಪಕರಣಕ್ಕೆ ಅವು ತಿಳಿಯುತ್ತವೆ. ಬೆಟ್ಟ ಒಳಗಿನಿಂದ ಉಬ್ಬಿದರೆ ನೆಲ ಓರೆಯಾಗುತ್ತದೆ. ಅದೂ ಜಾಗರ್ ಅವರ ಭೂಕಂಪಮಾಪಕದಲ್ಲಿ ದಾಖಲಾಗುತ್ತಿತ್ತು.

ನನ್ನನ್ನು ಹೆಚ್ಚು ಕಾಡಿದ್ದು 1923ರ ಘಟನೆ. ಫೆಬ್ರುವರಿಯಲ್ಲಿ ದೂರದ ಕಮ್ಚಾಟ್ಕಾದಲ್ಲಾದ ಭೂಕಂಪ ಅವರ ಉಪಕರಣದಲ್ಲಿ ಕಾಣಿಸಿತು. ಕಂಪನ ನಿಮಿಷಗಳಲ್ಲಿ ಬಂದುಬಿಡುತ್ತದೆ, ಸಮುದ್ರದ ಅಲೆಗೆ ಗಂಟೆಗಳೇ ಬೇಕು. ಸುನಾಮಿ ಬರಬಹುದೆಂದು ಹಿಲೋ ಬಂದರಿಗೆ ತಿಳಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲೆ ಬಂತು, ಒಬ್ಬ ಮೀನುಗಾರ ಸತ್ತ. 1933ರಲ್ಲಿ ಜಪಾನಿನಲ್ಲಿ ಭೂಕಂಪವಾದಾಗ ಮತ್ತೆ ಎಚ್ಚರಿಸಿದರು. ಈ ಸಲ ಜನ ಕೇಳಿದರು. ಹವಾಯಿಯಲ್ಲಿ ಒಂದು ಜೀವವೂ ಹೋಗಲಿಲ್ಲ.

1924ರ ಮೇನಲ್ಲಿ ಕಿಲವೇಯವೇ ಸ್ಫೋಟಿಸಿತು. ಕುಳಿಯ ಲಾವಾ ಕೆಳಕ್ಕಿಳಿದ ಮೇಲೆ ಉಗಿ, ಬೂದಿ, ಟನ್‌ಗಟ್ಟಲೆ ತೂಕದ ಬಂಡೆಗಳು ಮೇಲಕ್ಕೆ ಸಿಡಿದವು. ಫೋಟೊ ತೆಗೆಯಲು ಹತ್ತಿರ ಹೋಗಿದ್ದ ಒಬ್ಬರು ಬಲಿಯಾದರು. 2018ರಲ್ಲಿ ಲಾವಾ ಮತ್ತೆ ಹಾಗೆಯೇ ಇಳಿಯತೊಡಗಿತು. ಅಷ್ಟರಲ್ಲಿ ಬೆಟ್ಟದ ಸುತ್ತ ಭೂಕಂಪಮಾಪಕಗಳ ಜಾಲವೇ ಇತ್ತು, ಮೇಲೆ ರೇಡಾರ್ ಹೊತ್ತ ಉಪಗ್ರಹಗಳಿದ್ದವು. ಬೇರೆ ಬೇರೆ ದಿನ ತೆಗೆದ ಎರಡು ರೇಡಾರ್ ಚಿತ್ರಗಳನ್ನು ಹೋಲಿಸಿದರೆ ನೆಲ ಕೆಲವೇ ಸೆಂಟಿಮೀಟರ್ ಕುಸಿದಿದ್ದರೂ ಗೊತ್ತಾಗುತ್ತದೆ. ಇರುಳಾಗಲಿ, ಮೋಡವಾಗಲಿ ಅದಕ್ಕೆ ಅಡ್ಡಿಯಲ್ಲ. 1924ರ ದಾಖಲೆಗಳು ಕೈಯಲ್ಲಿದ್ದವು. ಹಾಗಾಗಿ ವಿಜ್ಞಾನಿಗಳು ಮೊದಲೇ ಎಚ್ಚರಿಸಿದರು, ಅಲ್ಲಿನ ರಾಷ್ಟ್ರೀಯ ಉದ್ಯಾನದ ಬಹುಭಾಗ ಮೇ 11ರಂದೇ ಮುಚ್ಚಿತು. ಮೇ 17ರಂದು ಶಿಖರ ಸ್ಫೋಟಿಸಿದಾಗ ಯಾರ ಪ್ರಾಣವೂ ಹೋಗಲಿಲ್ಲ.

ಜಾಗರ್ ಮಾಡಿದ್ದೆಲ್ಲ ಸರಿಯೆಂದು ನಾನು ಹೇಳುವುದಿಲ್ಲ. 1935ರಲ್ಲಿ ಮೌನಾ ಲೋವಾದ ಲಾವಾ ಹಿಲೋ ಕಡೆ ಹರಿದಾಗ ವಿಮಾನದಿಂದ ಬಾಂಬ್ ಹಾಕಿಸಿದರು. ಹರಿವು ನಿಂತಿದ್ದು ಅದರಿಂದಲೇ ಎಂದು ನಂಬಿದ್ದರು. ನಂತರದ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಆದರೂ 1940ರಲ್ಲಿ ನಿವೃತ್ತರಾಗುವವರೆಗೆ ಅವರು ಆ ಬೆಟ್ಟವನ್ನು ಕಾದರು. 1953ರಲ್ಲಿ ಹೊನೊಲುಲುವಿನಲ್ಲಿ ತೀರಿಕೊಂಡರು.

ಸ್ಫೋಟ ನಡೆದ ದಿನ ಎಲ್ಲರ ಕಣ್ಣೂ ಬೆಟ್ಟದ ಮೇಲಿರುತ್ತದೆ. ಏನೂ ನಡೆಯದ ಸಾವಿರಾರು ದಿನಗಳಲ್ಲಿ ಬರೆದಿಟ್ಟ ಅಂಕಿಗಳೇ ಆ ದಿನ ಕೈಹಿಡಿಯುವುದು. ಯಾರೂ ಚಪ್ಪಾಳೆ ತಟ್ಟದ ಈ ಕೆಲಸಕ್ಕೂ ಬೆಲೆಯಿದೆ ಎಂಬ ಧೈರ್ಯ ನನಗೆ ಸಿಕ್ಕಿದ್ದು ಜಾಗರ್ ಅವರಿಂದ. ಕಿಲವೇಯದ ಅಂಚಿನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿತ್ತು. 2018ರ ಕಂಪನಗಳಿಗೆ ಬಿರುಕು ಬಿಟ್ಟು ಅದು ಮುಚ್ಚಿತು. ವೀಕ್ಷಣಾಲಯವೂ ಅಂಚು ಬಿಟ್ಟು ಹೊರಡಬೇಕಾಯಿತು. ಜಾಗರಣೆ ಮಾತ್ರ ನಿಂತಿಲ್ಲ.