ಪೋಲಿಯೊ ಲಸಿಕೆ ಬಾಯಿಗೇ ಏಕೆ? ತನ್ನ ತಪ್ಪು ತಿದ್ದಿಕೊಂಡ ವಿಜ್ಞಾನಿಯ ಕಥೆ

ಪೋಲಿಯೊ ಹನಿಯನ್ನು ಬಾಯಿಗೇ ಏಕೆ ಹಾಕುತ್ತಾರೆ? ಉತ್ತರ ಆಲ್ಬರ್ಟ್ ಸೇಬಿನ್ ಅವರ ಬದುಕಿನಲ್ಲಿದೆ.

1906ರಲ್ಲಿ ಇಂದಿನ ಪೋಲೆಂಡ್‌ನಲ್ಲಿ ಹುಟ್ಟಿದ ಅವರು 1921ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ವೈದ್ಯರಾದರು. ಪೋಲಿಯೊ ವೈರಸ್ ಮೂಗಿನಿಂದ ಹೊಕ್ಕು ನೇರ ಮಿದುಳಿಗೆ ಹೋಗುತ್ತದೆ ಎಂಬುದು ಆಗಿನ ವಿಜ್ಞಾನಿಗಳ ನಂಬಿಕೆ. ವೈರಸ್ ನರದ ಅಂಗಾಂಶದಲ್ಲಿ ಮಾತ್ರ ಬೆಳೆಯುತ್ತದೆ ಎಂದ ಸೇಬಿನ್ ಅವರದೇ 1936ರ ಪ್ರಯೋಗವೂ ಅದಕ್ಕೆ ಬಲ ಕೊಟ್ಟಿತ್ತು. 1937ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಾವಿರಾರು ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ಸಿಂಪಡಿಸಿದರು. ಪೋಲಿಯೊ ನಿಲ್ಲಲಿಲ್ಲ, ಹಲವು ಮಕ್ಕಳಿಗೆ ವಾಸನೆಯೇ ತಿಳಿಯದಂತಾಯಿತು.

ಪೋಲಿಯೊದಿಂದ ಸತ್ತವರ ದೇಹಗಳನ್ನು ಸೇಬಿನ್ ಪರೀಕ್ಷಿಸಿದರು. 1941ರಲ್ಲಿ ಪ್ರಕಟವಾದ ಫಲಿತಾಂಶ: ವೈರಸ್ ಇದ್ದದ್ದು ಕರುಳಿನಲ್ಲಿ, ಮೂಗಿನಲ್ಲಲ್ಲ. ಹಾಗಾದರೆ ಕಾವಲೂ ಕರುಳಲ್ಲೇ ಬೇಕು! ದುರ್ಬಲಗೊಳಿಸಿದ ವೈರಸ್‌ನಿಂದ ಬಾಯಿಯ ಲಸಿಕೆ ಮಾಡಿದರು. ತಾವೂ ಕುಡಿದು, ಮನೆಯವರಿಗೂ ಕುಡಿಸಿದರು. 1959ರಲ್ಲಿ ಸೋವಿಯತ್ ಒಕ್ಕೂಟದ ಲಕ್ಷಾಂತರ ಮಕ್ಕಳಿಗೆ ಅದನ್ನು ಕೊಡಲಾಯಿತು. ಪೇಟೆಂಟ್ ಮಾತ್ರ ಅವರು ಪಡೆಯಲಿಲ್ಲ.

ಹಾಗೆಂದು ಎಲ್ಲ ಕಾಯಿಲೆಗೂ ಬಾಯಿಯ ಹನಿಯೇ ಮದ್ದು ಎಂದು ಅವರು ಹೇಳಲಿಲ್ಲ. ಉಸಿರಿನ ಮೂಲಕ ಹರಡುವ ದಡಾರಕ್ಕೆ 1980ರ ದಶಕದಲ್ಲಿ ಉಸಿರಿನಲ್ಲೇ ಎಳೆದುಕೊಳ್ಳುವ ಲಸಿಕೆಯನ್ನು ಪ್ರಯೋಗಿಸಿದರು. 1993ರಲ್ಲಿ ತೀರಿಕೊಂಡರು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾದದ್ದು ಬಹುಪಾಲು ಅದೇ ಎರಡು ಹನಿಗಳ ಬಲದಿಂದ.