ಬೀಕರ್‌ನಿಂದ ಕಾರ್ಖಾನೆಗೆ ದಾರಿ ಮಾಡಿಕೊಟ್ಟ ವಿಜ್ಞಾನಿ: ಶಾಂತಿ ಸ್ವರೂಪ್ ಭಟ್ನಾಗರ್ ಜೀವನಗಾಥೆ

ನವದೆಹಲಿ: ಔಷಧವನ್ನು ಅತಿಸಣ್ಣ ಕಣಗಳಲ್ಲಿ ತುಂಬಿ, ದೇಹದೊಳಗೆ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವುದು ಈಗ ಹೊಸದೇನಲ್ಲ. ಪ್ರಯೋಗಾಲಯದಲ್ಲಿ ಗ್ರಾಂ ಲೆಕ್ಕದಲ್ಲಿ ಸಿದ್ಧವಾದದ್ದನ್ನು ಕಾರ್ಖಾನೆಯಲ್ಲಿ ಕಿಲೋಗಟ್ಟಲೆ, ಅದೇ ಗುಣಮಟ್ಟದಲ್ಲಿ ತಯಾರಿಸುವುದೇ ನಿಜವಾದ ಸವಾಲು. ಸರ್ ಶಾಂತಿ ಸ್ವರೂಪ್ ಭಟ್ನಾಗರ್ ಇಂಥ ಔಷಧ ತಯಾರಿಸಿದವರಲ್ಲ. ಆದರೆ ಇದರ ಹಿಂದಿರುವ ಎಮಲ್ಷನ್ ವಿಜ್ಞಾನ ಅವರ ಕ್ಷೇತ್ರವಾಗಿತ್ತು. ಪ್ರಯೋಗಾಲಯವನ್ನು ಕಾರ್ಖಾನೆಗೆ ಬೆಸೆಯುವುದು ಅವರ ಜೀವನದ ಕೆಲಸವಾಯಿತು.

ಅಜ್ಜನ ಮನೆಯಲ್ಲಿ ಬಾಲ್ಯ

ಭಟ್ನಾಗರ್ ಜನಿಸಿದ್ದು 1894ರ ಫೆಬ್ರವರಿ 21ರಂದು, ಈಗಿನ ಪಾಕಿಸ್ತಾನದ ಭೇರಾದಲ್ಲಿ. ಎಂಟು ತಿಂಗಳ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಇಂದು ದೆಹಲಿ ಎನ್‌ಸಿಆರ್ ವ್ಯಾಪ್ತಿಗೆ ಸೇರಿರುವ ಬುಲಂದ್‌ಶಹರ್ ಜಿಲ್ಲೆಯ ಸಿಕಂದರಾಬಾದ್‌ನಲ್ಲಿ, ತಾಯಿಯ ತವರಿನಲ್ಲಿ ಬೆಳೆದರು. ಅಜ್ಜ ಎಂಜಿನಿಯರ್. ಹುಡುಗನಿಗೆ ಯಂತ್ರಗಳ ಹುಚ್ಚು ಹಿಡಿದದ್ದು ಅಲ್ಲೇ.

ಹನಿಗಳ ಅಧ್ಯಯನ

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಫ್.ಜಿ. ಡೊನಾನ್ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, 1921ರಲ್ಲಿ ಡಿಎಸ್‌ಸಿ ಪಡೆದರು. ನೀರಿನಲ್ಲಿ ಎಣ್ಣೆ ಹನಿಗಳಾಗಿ ತೇಲುವ ಮಿಶ್ರಣ, ಲವಣ ಬೆರೆತಾಗ ಎಣ್ಣೆಯಲ್ಲಿ ನೀರಿನ ಹನಿಗಳಾಗಿ ತಿರುಗಿಬೀಳುವುದನ್ನು ಅವರು ಅಧ್ಯಯನ ಮಾಡಿದ್ದರು.

ಇಂದಿನ ಔಷಧ ಕಣಗಳ ತಯಾರಿಕೆಯ ಒಂದು ವಿಧಾನವೂ ಹೀಗೆಯೇ ಆರಂಭವಾಗುತ್ತದೆ. ಔಷಧ ಮತ್ತು ಪಾಲಿಮರ್ ಬೆರೆತ ದ್ರಾವಣವನ್ನು ನೀರಿನಲ್ಲಿ ಹನಿಗಳಾಗಿ ಒಡೆದು, ದ್ರಾವಕವನ್ನು ತೆಗೆದರೆ ಹನಿಗಳು ಗಟ್ಟಿಯಾಗಿ ಕಣಗಳಾಗುತ್ತವೆ. ಆದರೆ ದೊಡ್ಡ ತೊಟ್ಟಿಯಲ್ಲಿ ಕಲಕುವಿಕೆ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಹನಿಯ ಗಾತ್ರ ಬದಲಾದರೆ ಔಷಧ ಬಿಡುಗಡೆಯಾಗುವ ವೇಗವೂ ಬದಲಾಗುತ್ತದೆ.

ಕೆಸರಿನಲ್ಲಿ ಸಿಕ್ಕ ಪರಿಹಾರ

ಲ್ಯಾಬ್‌ನ ಹೊರಗೆ ಕಣಗಳು ಎಷ್ಟು ಕಾಡುತ್ತವೆ ಎಂಬುದನ್ನು ಭಟ್ನಾಗರ್ ಲಾಹೋರ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಕಂಡರು. ಅಟಾಕ್ ತೈಲ ಕಂಪನಿ ಬಾವಿ ಕೊರೆಯಲು ಬಳಸುತ್ತಿದ್ದ ಕೆಸರು, ಉಪ್ಪುನೀರು ತಾಗಿದ ಕೂಡಲೇ ಗಟ್ಟಿಯಾಗಿ ಕೊರೆತವೇ ನಿಲ್ಲುತ್ತಿತ್ತು. ಭಾರತೀಯ ಸಸ್ಯದ ಅಂಟು ಬೆರೆಸಿ ಅದು ತೆಳುವಾಗಿಯೇ ಉಳಿಯುವಂತೆ ಮಾಡಿದರು. ಬಹುಮಾನವಾಗಿ ಬಂದ 1.5 ಲಕ್ಷ ರೂಪಾಯಿಯನ್ನು ತಮಗೆ ಬೇಡವೆಂದು ವಿಶ್ವವಿದ್ಯಾಲಯದ ಸಂಶೋಧನೆಗೆ ಕೊಡಿಸಿದರು.

ದೆಹಲಿಯಿಂದ ಮೈಸೂರಿನವರೆಗೆ

1942ರಲ್ಲಿ ಸಿಎಸ್‌ಐಆರ್ ಸ್ಥಾಪನೆಯಾದಾಗ ಅದರ ಚುಕ್ಕಾಣಿ ಹಿಡಿದರು. 1950ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಹಾಗೂ ಮೈಸೂರಿನ ಸಿಎಫ್‌ಟಿಆರ್‌ಐ ಕಾರ್ಯಾರಂಭ ಮಾಡಿದವು. ಲಖನೌದ ಔಷಧ ಸಂಶೋಧನಾ ಸಂಸ್ಥೆ 1951ರಲ್ಲಿ ಉದ್ಘಾಟನೆಗೊಂಡಿತು.

ಸಂಶೋಧನೆಗಳು ಕಪಾಟಿನಲ್ಲೇ ಧೂಳು ತಿನ್ನಬಾರದು ಎಂಬ ಕಾಳಜಿಗೆ 1953ರ ಡಿಸೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಲ್ಯಾಬ್‌ನ ತಂತ್ರಜ್ಞಾನವನ್ನು ಉದ್ಯಮಗಳಿಗೆ ವರ್ಗಾಯಿಸಲೆಂದೇ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ (ಎನ್‌ಆರ್‌ಡಿಸಿ) ಹುಟ್ಟಿಕೊಂಡಿತು. ಅದು ಬೆಳೆಯುವುದನ್ನು ನೋಡಲು ಭಟ್ನಾಗರ್‌ಗೆ ಸಿಕ್ಕಿದ್ದು ಒಂದೇ ವರ್ಷ. 1955ರ ಜನವರಿ 1ರಂದು, 60ನೇ ವಯಸ್ಸಿನಲ್ಲಿ ಅವರು ನಿಧನರಾದರು.

1958ರಿಂದ ಅವರ ಹೆಸರಿನಲ್ಲಿ ವಿಜ್ಞಾನಿಗಳಿಗೆ ಪ್ರಶಸ್ತಿ ನೀಡಲಾಗುತ್ತಿದೆ. ಪ್ರಶಸ್ತಿಯ ಹೆಸರು ಹಲವರಿಗೆ ಗೊತ್ತು. ಆದರೆ ಲ್ಯಾಬ್‌ನಲ್ಲಿ ಗೆದ್ದ ಔಷಧ ರೋಗಿಯ ಕೈಸೇರುವುದು ಅವರು ಹಾಕಿಕೊಟ್ಟ ಈ ದಾರಿಯಲ್ಲಿ ಸಾಗಿದಾಗಲೇ.