ಜೇಮ್ಸ್ ಪ್ರೆಸ್ಕಾಟ್ ಜೂಲ್: ಬಾವಿಯ ಕೊಡ ಪರಿಚಯಿಸಿದ ವಿಜ್ಞಾನಿ

ನಮ್ಮ ಶಾಲೆಯೆಂದರೆ ನನಗೆ ಮೊದಲು ನೆನಪಾಗುವುದು ನಾನು ಮಾಡಿದ ಒಂದು ತಪ್ಪು ಲೆಕ್ಕ. 12 ಮೀಟರ್ ಆಳದ ಬಾವಿಯಿಂದ ಒಂದು ಕೊಡ ನೀರನ್ನು ಒಂದೇ ಸಮನೆ ಸೇದಲು 1176 ಜೂಲ್ ಕೆಲಸ ನಡೆದರೆ, ಪ್ರಯೋಗಿಸಿದ ಬಲವೆಷ್ಟು ಎಂಬುದು ಪ್ರಶ್ನೆ. ನಾನು ಎರಡನ್ನೂ ಗುಣಿಸಿಬಿಟ್ಟೆ. ಗುರುಗಳು ಗದರಲಿಲ್ಲ. ಬಲವನ್ನು ಅದರ ದಿಕ್ಕಿನಲ್ಲೇ ಆದ ಸ್ಥಾನಪಲ್ಲಟದಿಂದ ಗುಣಿಸಿದರೆ ಕೆಲಸ ದೊರೆಯುವುದೆಂದೂ, ಆದುದರಿಂದ ಕೆಲಸವನ್ನು ಸ್ಥಾನಪಲ್ಲಟದಿಂದ ಭಾಗಿಸಿದರೆ ಬಲ ದೊರೆಯುವುದೆಂದೂ ತಿಳಿಸಿದರು. ಸರಿಯುತ್ತರ 98 ನ್ಯೂಟನ್. ಅಂದರೆ 10 ಕಿಲೋ ಭಾರವನ್ನು ಎತ್ತುವ ಬಲ. ನನ್ನ ಉತ್ತರದಂತೆ ಆ ಕೊಡ 1440 ಕಿಲೋ ತೂಗಬೇಕಾಗಿತ್ತು!

ಜೂಲ್ ಎಂಬುದು ಒಬ್ಬ ಮನುಷ್ಯನ ಹೆಸರೆಂದು ಅಂದು ನಾನರಿಯೆ. ಜೇಮ್ಸ್ ಪ್ರೆಸ್ಕಾಟ್ ಜೂಲ್ 1818ರ ಡಿಸೆಂಬರ್ 24ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಸಾಲ್ಫರ್ಡ್‌ನಲ್ಲಿ, ಬಿಯರ್ ತಯಾರಿಸುವ ಮನೆತನದಲ್ಲಿ ಜನಿಸಿದರು. ಬಾಲ್ಯದಲ್ಲಿ ಆರೋಗ್ಯ ಸೂಕ್ಷ್ಮವಾಗಿದ್ದುದರಿಂದ ಮನೆಯಲ್ಲೇ ಪಾಠ ನಡೆಯಿತು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಅವರ ಶಿಷ್ಯರಾಗುವ ಭಾಗ್ಯವೂ ಒದಗಿತು. ವಿಶ್ವವಿದ್ಯಾಲಯದ ಹುದ್ದೆಯನ್ನು ಅವರು ಎಂದೂ ಹೊಂದಿರಲಿಲ್ಲ. ಉದ್ಯಮದ ನಡುವೆಯೇ ಪ್ರಯೋಗ ನಡೆಸಿದರು.

ಕೆಲಸವೇ ಶಾಖವಾಗಿ ಮಾರ್ಪಡುವುದೆಂದು 1843ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ವಿದ್ವತ್ಸಭೆಯಲ್ಲಿ ಅವರು ಮಂಡಿಸಿದಾಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಅವರು ಧೃತಿಗೆಡಲಿಲ್ಲ. ಇಳಿಯುವ ತೂಕದ ಕಲ್ಲುಗಳಿಂದ ನೀರಿನ ಪಾತ್ರೆಯೊಳಗಿನ ರೆಕ್ಕೆಚಕ್ರವನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಮತ್ತೆ ಮತ್ತೆ ಅಳೆದರು. ಇದು ಸುಲಭದ ಮಾತಲ್ಲ. ನಮ್ಮ ಕೊಡವನ್ನು ಸೇದಿದ ಅಷ್ಟೂ ಕೆಲಸ ಶಾಖವಾದರೂ ಅದರ ನೀರಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್‌ನ ನೂರರಲ್ಲಿ ಮೂರು ಭಾಗದಷ್ಟೂ ಏರದು! 1847ರಲ್ಲಿ ಆಕ್ಸ್‌ಫರ್ಡ್‌ನಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ತರುಣ ವಿಲಿಯಂ ಥಾಮ್ಸನ್ ಅವರ ಮಾತಿನ ಮಹತ್ತ್ವವನ್ನು ಗುರುತಿಸಿದರು. 1850ರಲ್ಲಿ ರಾಯಲ್ ಸೊಸೈಟಿ ಸದಸ್ಯತ್ವವೂ, 1870ರಲ್ಲಿ ಕಾಪ್ಲಿ ಪದಕವೂ ಸಂದವು. 1854ರಲ್ಲಿ ಪತ್ನಿಯನ್ನು ಕಳೆದುಕೊಂಡ ದುಃಖದಲ್ಲೂ ಸಂಶೋಧನೆ ನಿಲ್ಲಲಿಲ್ಲ. 1889ರ ಅಕ್ಟೋಬರ್ 11ರಂದು ಅವರು ನಿಧನರಾದರು. ಅವರು ಅಳೆದು ಕಂಡ 772.55 ಎಂಬ ಸಂಖ್ಯೆಯನ್ನೇ ಸಮಾಧಿಯ ಮೇಲೆ ಕೆತ್ತಲಾಗಿದೆ.

1956ರಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟ ನಮ್ಮ ಕೊಡಂಗಲ್ ಸೀಮೆಯಲ್ಲಿ, ಕನ್ನಡದಲ್ಲಿ ವಿಜ್ಞಾನ ಕಲಿತು ಮಕ್ಕಳು ಮುಂದೆ ಏನು ಮಾಡಿಯಾರು ಎಂಬ ಅಳುಕು ಹಿರಿಯರಲ್ಲಿತ್ತು. ನನ್ನ ತಂದೆಯವರಲ್ಲೂ ಇತ್ತು. ಮುಂದೆ ಇಂಗ್ಲಿಷಿನಲ್ಲಿ ಓದುವಾಗ ನನಗೆ ಹೆಸರುಗಳಷ್ಟೇ ಹೊಸವಾದವು. ಬಲ, ಕೆಲಸ, ಸ್ಥಾನಪಲ್ಲಟಗಳ ಅರ್ಥ ಈ ಶಾಲೆಯ ಹಲಗೆಯ ಮುಂದೆಯೇ ದಕ್ಕಿತ್ತು. ಪದವಿಯಿಲ್ಲದ ಜೂಲ್ ಅವರನ್ನು ಲೋಕ ಒಪ್ಪಿದ್ದು ಅವರ ಅಳತೆ ನಿಜವಾಗಿದ್ದುದರಿಂದ. ಇಂದಿನ ವಿದ್ಯಾರ್ಥಿಗಳು ಅಳುಕದೆ ಅಳೆಯಲಿ, ತಪ್ಪಿದರೆ ತಿದ್ದಿಕೊಳ್ಳಲಿ ಎಂದು ಹಾರೈಸುತ್ತೇನೆ.